ಬೆಳಗ್ಗೆ ಮಾತ್ರ ತೆವಳುವ ಕಂಪ್ಯೂಟರ್‌ಗೆ ಒಂದು ಲೆಕ್ಕದ ಟೂಲ್

ನಮ್ಮ ಊರಿನ ವಾಚನಾಲಯದ ಹಳೆ ಡೆಸ್ಕ್‌ಟಾಪ್ ಬಗ್ಗೆ ಒಂದೇ ದೂರು ಮತ್ತೆ ಮತ್ತೆ ಬರುತ್ತಿತ್ತು. ಬೆಳಗ್ಗೆ ಆನ್ ಮಾಡಿದ ಮೇಲೆ ಸ್ವಲ್ಪ ಹೊತ್ತು ತೆವಳುತ್ತದೆ, ಆಮೇಲೆ ತಾನೇ ಸರಿಹೋಗುತ್ತದೆ. ಎರಡು ಕೋರ್‌ನ ಪ್ರೊಸೆಸರ್, 4 ಜಿಬಿ ರ‍್ಯಾಮ್, ತಿರುಗುವ ಹಾರ್ಡ್ ಡಿಸ್ಕ್, ಮೇಲೆ ಡೆಬಿಯನ್ ಲಿನಕ್ಸ್. ಹಳೆ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿದ ಲಕ್ಷಗಟ್ಟಲೆ ಪುಟಗಳು ಅದರೊಳಗಿವೆ. ಓದಲು ಬರುವವರು ಪಕ್ಕದ ಕಂಪ್ಯೂಟರ್‌ಗಳಿಂದ ಸಾಂಬಾ (ನೆಟ್‌ವರ್ಕ್‌ನಲ್ಲಿ ಫೈಲ್ ಹಂಚುವ ಪ್ರೋಗ್ರಾಂ) ಮೂಲಕ ಆ ಪುಟಗಳನ್ನು ತೆರೆಯುತ್ತಾರೆ. ಒಂದು ಪುಟ ಕಾಣಲು ಅರ್ಧ ನಿಮಿಷ ಕಾಯಬೇಕು ಅಂದರೆ ಯಾರಿಗಾದರೂ ಬೇಜಾರೇ, ಅಲ್ವಾ?

ನಾನು ಹೋಗಿ ಟರ್ಮಿನಲ್ ತೆರೆದು, ಯಾವ ಪ್ರೋಗ್ರಾಂ ಎಷ್ಟು ದುಡಿಯುತ್ತಿದೆ ಅಂತ ತೋರಿಸುವ ಟಾಪ್ ಓಡಿಸುವ ಹೊತ್ತಿಗೆ ಎಲ್ಲ ತಣ್ಣಗಿರುತ್ತಿತ್ತು. ಟಾಪ್ ಈ ಕ್ಷಣದ ಸುದ್ದಿ ಹೇಳುತ್ತದೆ. ಹತ್ತು ನಿಮಿಷದ ಹಿಂದೆ ಏನಾಯಿತು ಅಂತ ಕೇಳಿದರೆ ಅದರ ಹತ್ತಿರ ಉತ್ತರ ಇಲ್ಲ. ಹಿಂದಿನದು ಬೇಕಾದರೆ ಯಾರಾದರೂ ಆಗಲೇ ಬರೆದಿಟ್ಟಿರಬೇಕು.

ಬರೆದಿಡುವ ಕೆಲಸಕ್ಕೆ ಒಳ್ಳೆಯ ಟೂಲ್ ಮೊದಲಿಂದ ಇದೆ. ಅದರ ಹೆಸರು ಸಾರ್. ಯುನಿಕ್ಸ್ ಸಿಸ್ಟಮ್ ಫೈವ್ ಕಾಲದಿಂದ ಬಂದ ಹೆಸರು ಅದು. ಲಿನಕ್ಸ್‌ನಲ್ಲಿ ಸೆಬಾಸ್ತಿಯನ್ ಗೊದಾರ್ ಬರೆದ ಸಿಸ್‌ಸ್ಟ್ಯಾಟ್ ಪ್ಯಾಕೇಜಿನೊಳಗೆ ಸಿಗುತ್ತದೆ. ಐಓಸ್ಟ್ಯಾಟ್, ಎಂಪಿಸ್ಟ್ಯಾಟ್, ಪಿಐಡಿಸ್ಟ್ಯಾಟ್ ಎಲ್ಲ ಅದೇ ಪ್ಯಾಕೇಜಿನವು. ಎಸ್‌ಎಡಿಸಿ ಅನ್ನುವ ಪುಟ್ಟ ಪ್ರೋಗ್ರಾಂ ಹಿಂದೆ ಕೂತು ಅಂಕಿಗಳನ್ನು ಫೈಲಿಗೆ ಬರೆಯುತ್ತದೆ, ಸಾರ್ ಅದನ್ನು ಓದಿ ತೋರಿಸುತ್ತದೆ. ಸಾಮಾನ್ಯವಾಗಿ ಹತ್ತು ನಿಮಿಷಕ್ಕೊಮ್ಮೆ ಬರೆಯುತ್ತದೆ. ನಮ್ಮ ತೊಂದರೆ ಇರುವುದೇ ಏಳೆಂಟು ನಿಮಿಷ. ಹತ್ತು ನಿಮಿಷದ ಸರಾಸರಿಯಲ್ಲಿ ಅದರ ಮೊನಚು ಹೋಗಿಬಿಡುತ್ತದೆ. ಆ ಅಂತರವನ್ನು ಕಡಿಮೆ ಮಾಡಬಹುದು. ನಿಮಗೆ ಬೇಕಿರುವುದು ಬರೀ ದಾಖಲೆಯಾದರೆ ಸಾರ್ ಹಾಕಿ, ಅಂತರ ಒಂದು ನಿಮಿಷಕ್ಕೆ ಇಳಿಸಿ. ಅದು ಸಾಕು.

ನನಗೆ ಇನ್ನೊಂದು ಆಸೆ ಇತ್ತು. ಸಿಪಿಯು, ಮೆಮೊರಿ, ಡಿಸ್ಕ್, ಜೊತೆಗೆ ಆ ಹೊತ್ತಿಗೆ ಸಿಕ್ಕಿಹಾಕಿಕೊಂಡ ಪ್ರೋಗ್ರಾಂಗಳ ಹೆಸರು, ಇವೆಲ್ಲ ಒಂದೇ ಸಾಲಿನಲ್ಲಿ ಬರಬೇಕು. ಐದು ಸೆಕೆಂಡಿಗೆ ಒಂದು ಸಾಲು. ಒಂದೇ ಸಾಲಿನಲ್ಲಿ ಎಲ್ಲ ತೋರಿಸುವ ರೀತಿಗೆ ಡಿಸ್ಟ್ಯಾಟ್ ನನಗೆ ಮಾದರಿ. ಡಾಗ್ ವೀರ್ಸ್ ಪೈಥಾನ್‌ನಲ್ಲಿ ಬರೆದದ್ದು, ತುಂಬಾ ಚೆಂದದ ಟೂಲ್. 2019ರಲ್ಲಿ ಅವರು ಅದರ ಕೆಲಸ ನಿಲ್ಲಿಸಿದರು. ಈಗ ಡೂಲ್ ಅನ್ನುವ ಕವಲು ಅದನ್ನು ಮುಂದುವರಿಸುತ್ತಿದೆ. ನಾನೂ ಪೈಥಾನ್ ಹಿಡಿದೆ, ಹೊರಗಿನ ಲೈಬ್ರರಿ ಒಂದೂ ಇಲ್ಲದೆ. ಟೂಲಿಗೆ ಇಟ್ಟ ಹೆಸರು ‘ಲೆಕ್ಕ’.

ಲಿನಕ್ಸ್‌ನಲ್ಲಿ ಇಂಥ ಟೂಲ್ ಕಟ್ಟುವುದು ಸುಲಭ. ಬೇಕಾದ ಎಲ್ಲ ಅಂಕಿಯನ್ನೂ ಲಿನಕ್ಸ್‌ನ ತಿರುಳಾದ ಕರ್ನಲ್ ತಾನೇ ಪ್ರೋಕ್ ಫೋಲ್ಡರಿನಲ್ಲಿ ಇಟ್ಟಿರುತ್ತದೆ. ಅಲ್ಲಿನ ಫೈಲ್‌ಗಳ ಗಾತ್ರ ನೋಡಿದರೆ ಸೊನ್ನೆ ಅಂತ ಬರುತ್ತದೆ. ಅವು ಡಿಸ್ಕ್ ಮೇಲೆ ಇಲ್ಲವೇ ಇಲ್ಲ. ನಾವು ಓದಿದಾಗ ಕರ್ನಲ್ ಆ ಕ್ಷಣದಲ್ಲಿ ಅಕ್ಷರ ಹುಟ್ಟಿಸಿ ಕೊಡುತ್ತದೆ. ಹಾಗಾಗಿ ಫೈಲನ್ನು ಒಂದು ಸಲ ತೆರೆದಿಟ್ಟು, ಪ್ರತಿ ಸಲ ಮೊದಲಿಗೆ ಹಿಂದಿರುಗಿ ಓದಿದರೆ ಹೊಸ ಅಂಕಿ ಸಿಗುತ್ತದೆ. ಮತ್ತೆ ಮತ್ತೆ ತೆರೆದು ಮುಚ್ಚುವ ಕೆಲಸ ತಪ್ಪುತ್ತದೆ.

ಆದರೆ ಆ ಅಂಕಿಗಳಲ್ಲಿ ಹೆಚ್ಚಿನವು ಶೇಕಡಾ ಅಲ್ಲ. ಅವು ಬೂಟ್ ಆದಾಗಿನಿಂದ ಏರುತ್ತಾ ಹೋಗುವ ಎಣಿಕೆ. ಮನೆಯ ಕರೆಂಟ್ ಮೀಟರ್ ಇದ್ದ ಹಾಗೆ: ಈ ತಿಂಗಳ ಬಿಲ್ ಬೇಕಾದರೆ ಈಗಿನ ರೀಡಿಂಗ್‌ನಿಂದ ಹಿಂದಿನ ರೀಡಿಂಗ್ ಕಳೆಯಬೇಕು. ಟೂಲ್ ಮಾಡುವ ಕೆಲಸ ಇಷ್ಟೇ. ಎರಡು ಸಲ ಓದು, ಕಳೆ, ಭಾಗಿಸು. ಇದೇ ಬಗೆಯ ವಿಎಂಸ್ಟ್ಯಾಟ್ ಟೂಲ್ ಓಡಿಸಿದಾಗ ಮೊದಲ ಸಾಲು ಉಳಿದವುಗಳ ಜೊತೆ ಹೊಂದುವುದಿಲ್ಲ, ಗಮನಿಸಿರಬಹುದು. ಕಳೆಯಲು ಹಿಂದಿನ ರೀಡಿಂಗ್ ಇಲ್ಲದ ಕಾರಣ ಅದು ಬೂಟ್ ಆದಾಗಿನಿಂದ ಈವರೆಗಿನ ಸರಾಸರಿ ಕೊಡುತ್ತದೆ. ಐಓಸ್ಟ್ಯಾಟ್ ಕೂಡ ಹೀಗೆಯೇ. ‘ಲೆಕ್ಕ’ ಮೊದಲ ಸಾಲನ್ನು ತೋರಿಸುವುದೇ ಇಲ್ಲ. ಮೊದಲ ಓದನ್ನು ಬರೀ ನೆನಪಿಟ್ಟುಕೊಳ್ಳುತ್ತದೆ.

ಸಿಪಿಯು ಲೆಕ್ಕವನ್ನು ಪೂರ್ತಿ ಬಿಡಿಸಿ ತೋರಿಸುತ್ತೇನೆ. ಪ್ರೋಕ್ ಒಳಗಿನ ಸ್ಟ್ಯಾಟ್ ಫೈಲಿನ ಮೊದಲ ಸಾಲಿನಲ್ಲಿ ಎಲ್ಲ ಕೋರ್‌ಗಳ ಒಟ್ಟು ಇರುತ್ತದೆ. ಕಾಲಂಗಳ ಕ್ರಮ: ಯೂಸರ್, ನೈಸ್, ಸಿಸ್ಟಮ್, ಐಡಲ್, ಐಓವೇಟ್, ಐಆರ್‌ಕ್ಯೂ, ಸಾಫ್ಟ್‌ಐಆರ್‌ಕ್ಯೂ, ಸ್ಟೀಲ್, ಗೆಸ್ಟ್, ಗೆಸ್ಟ್ ನೈಸ್. ನಮಗೆ ಮುಖ್ಯವಾದವು ನಾಲ್ಕು: ಯೂಸರ್ ಅಂದರೆ ಪ್ರೋಗ್ರಾಂಗಳಿಗೆ ಹೋದ ಸಮಯ, ಸಿಸ್ಟಮ್ ಅಂದರೆ ಕರ್ನಲ್‌ಗೆ ಹೋದದ್ದು, ಐಡಲ್ ಅಂದರೆ ಖಾಲಿ ಕೂತದ್ದು, ಐಓವೇಟ್ ಅಂದರೆ ಡಿಸ್ಕ್‌ಗೆ ಕಾಯುತ್ತಾ ಖಾಲಿ ಕೂತದ್ದು. ಮಷಿನ್ ಆನ್ ಆಗಿ ನಾಲ್ಕು ನಿಮಿಷದ ಹೊತ್ತಿಗೆ, ಐದು ಸೆಕೆಂಡ್ ಅಂತರದಲ್ಲಿ ಓದಿದ ಎರಡು ಸಾಲು ಇವು:

5213 12 2402 22311 18120 0 211 0 0 0
5275 12 2448 22581 18738 0 215 0 0 0

ಒಂದೊಂದನ್ನೇ ಕಳೆಯಿರಿ. ಯೂಸರ್ 62, ಸಿಸ್ಟಮ್ 46, ಐಡಲ್ 270, ಐಓವೇಟ್ 618, ಸಾಫ್ಟ್‌ಐಆರ್‌ಕ್ಯೂ 4. ಒಟ್ಟು 1000. ಈ ಸಾವಿರ ಎಲ್ಲಿಂದ ಬಂತು? ಕರ್ನಲ್ ಇಲ್ಲಿ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಎಣಿಸುತ್ತದೆ. ಐದು ಸೆಕೆಂಡ್, ಎರಡು ಕೋರ್, ಸೆಕೆಂಡಿಗೆ ನೂರು. ಗುಣಿಸಿದರೆ ಸಾವಿರ. ಲೆಕ್ಕ ಸರಿ ಬಂತು ಅನ್ನುವುದಕ್ಕೆ ಇದೇ ಸಾಕ್ಷಿ. ಈಗ ಶೇಕಡಾ ಸುಲಭ: ಯೂಸರ್ 6.2, ಸಿಸ್ಟಮ್ 4.6, ಐಓವೇಟ್ 61.8, ಐಡಲ್ 27. ನೂರು ಅನ್ನುವ ಸಂಖ್ಯೆಯನ್ನು ಕೋಡಿನಲ್ಲಿ ನೇರವಾಗಿ ಬರೆಯಬೇಡಿ, ಸಿಸ್ಟಮ್‌ಗೇ ಕೇಳಿ. ಪೈಥಾನ್‌ನ ಓಎಸ್ ಮಾಡ್ಯೂಲಿನಲ್ಲಿ ಸಿಸ್‌ಕಾನ್ಫ್ ಇದೆ, ಅದು ಹೇಳುತ್ತದೆ.

ಇಲ್ಲೊಂದು ಸೂಕ್ಷ್ಮ. ಒಟ್ಟು ಹಾಕುವಾಗ ಹತ್ತೂ ಕಾಲಂ ಕೂಡಿಸಬಾರದು. ಗೆಸ್ಟ್, ಅಂದರೆ ವರ್ಚುವಲ್ ಮಷಿನ್‌ಗೆ ಹೋದ ಸಮಯ, ಯೂಸರ್ ಒಳಗೇ ಸೇರಿದೆ, ಗೆಸ್ಟ್ ನೈಸ್ ಕೂಡ ನೈಸ್ ಒಳಗೆ ಸೇರಿದೆ. ಮೊದಲ ಎಂಟನ್ನು ಮಾತ್ರ ಕೂಡಿಸಬೇಕು. ಈ ಮಷಿನ್‌ನಲ್ಲಿ ವರ್ಚುವಲ್ ಮಷಿನ್ ಇಲ್ಲ, ಆ ಎರಡೂ ಸೊನ್ನೆ. ವರ್ಚುವಲ್ ಮಷಿನ್ ಓಡಿಸುವ ಕಡೆ ಇದೇ ಟೂಲ್ ಹಾಕಿದರೆ ಲೆಕ್ಕ ಎರಡು ಸಲ ಆಗಿ ತಪ್ಪು ಶೇಕಡಾ ಬರುತ್ತದೆ.

ಅಂತರದ ಐದು ಸೆಕೆಂಡನ್ನೂ ನಂಬಬಾರದು, ಅಳೆಯಬೇಕು. ಮಷಿನ್ ಒದ್ದಾಡುವಾಗ ಐದು ಸೆಕೆಂಡ್ ಮಲಗು ಅಂತ ಹೇಳಿದ ಪ್ರೋಗ್ರಾಂ ಆರು ಸೆಕೆಂಡಿಗೆ ಏಳಬಹುದು. ಸಿಪಿಯು ಶೇಕಡಾಕ್ಕೆ ಅದರಿಂದ ತೊಂದರೆ ಇಲ್ಲ, ಒಟ್ಟಿನಿಂದಲೇ ಭಾಗಿಸುತ್ತೇವೆ. ಡಿಸ್ಕ್ ಲೆಕ್ಕ ಮಾತ್ರ ಕೆಡುತ್ತದೆ. ಅಳೆಯಲು ಮಾನೊಟೋನಿಕ್, ಅಂದರೆ ಎಲ್ಲೂ ಹಾರದೆ ಒಂದೇ ಸಮನೆ ಮುಂದೆ ಹೋಗುವ ಗಡಿಯಾರ ಬಳಸಿ. ಗೋಡೆ ಗಡಿಯಾರದ ಸಮಯ ಬೇಡ. ಹಳೆ ಮದರ್‌ಬೋರ್ಡಿನ ಬ್ಯಾಟರಿ ಸತ್ತಿದ್ದರೆ ಬೂಟ್ ಆದ ಮೇಲೆ ನೆಟ್‌ವರ್ಕ್ ಸಮಯ ಬಂದು ಗಡಿಯಾರ ಒಮ್ಮೆಲೇ ಹಾರುತ್ತದೆ. ಆಗ ಅಂತರ ವರ್ಷಗಟ್ಟಲೆ ಅಂತ ಬಂದು ಡಿಸ್ಕ್ ವೇಗ ಸೊನ್ನೆಯಾಗಿ ಕಾಣುತ್ತದೆ.

ಮೆಮೊರಿ ಬೇಗ ಮುಗಿಯುತ್ತದೆ. ಮೆಮ್‌ಇನ್ಫೊ ಫೈಲಿನಲ್ಲಿ ಮೆಮ್‌ಫ್ರೀ ಮತ್ತು ಮೆಮ್‌ಅವೈಲಬಲ್ ಎರಡೂ ಇವೆ. ಮೊದಲನೆಯದನ್ನು ನೋಡಿ ಹೆದರಬೇಡಿ. ಖಾಲಿ ಬಿದ್ದ ರ‍್ಯಾಮ್‌ನಲ್ಲಿ ಲಿನಕ್ಸ್ ಓದಿದ ಫೈಲ್‌ಗಳನ್ನು ಇಟ್ಟುಕೊಳ್ಳುತ್ತದೆ, ಬೇಕಾದಾಗ ಬಿಟ್ಟುಕೊಡುತ್ತದೆ. ಆ ಬಿಟ್ಟುಕೊಡಬಹುದಾದ ಭಾಗವನ್ನೂ ಸೇರಿಸಿ ಅಂದಾಜು ಕೊಡುವುದು ಅವೈಲಬಲ್. 2014ರ 3.14 ಕರ್ನಲ್‌ನಿಂದ ಇದೆ. ಆ ಬೆಳಗ್ಗೆ ಫ್ರೀ 142380 ಕೆಬಿ ಇತ್ತು, ಅವೈಲಬಲ್ 2611044 ಕೆಬಿ. ಅಂದರೆ ಎರಡೂವರೆ ಜಿಬಿ ಆರಾಮಾಗಿ ಇದೆ. ರ‍್ಯಾಮ್ ಜಾಸ್ತಿ ಹಾಕಿಸಿ ಅಂತ ಹೇಳುತ್ತಿದ್ದವರ ಮಾತು ಅಲ್ಲಿಗೆ ಮುಗಿಯಿತು.

ಐಓವೇಟ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. 61.8 ಶೇಕಡಾ ನೋಡಿದ ಕೂಡಲೇ ಡಿಸ್ಕ್ ಮೇಲೆ ಅನುಮಾನ ಬರುವುದು ಸಹಜ. ಈ ಸಲ ಆ ಅನುಮಾನ ನಿಜವೂ ಆಗಿತ್ತು. ಆದರೆ ಐಓವೇಟ್ ಒಂದರ ಮೇಲೆ ತೀರ್ಪು ಕೊಡಬಾರದು. ಅದು ನಿಜಕ್ಕೂ ಐಡಲ್‌ನ ಒಂದು ಭಾಗ. ಸಿಪಿಯುಗೆ ಕೆಲಸ ಇಲ್ಲ, ಆದರೆ ಅಲ್ಲಿಂದ ಹೋದ ಒಂದು ಕೆಲಸ ಡಿಸ್ಕ್‌ಗೆ ಕಾಯುತ್ತಿದೆ ಅಂದಾಗ ಆ ಸಮಯ ಐಓವೇಟ್ ಲೆಕ್ಕಕ್ಕೆ ಹೋಗುತ್ತದೆ. ಸಿಪಿಯುಗೆ ಬೇರೆ ಕೆಲಸ ಸಿಕ್ಕಿತು ಅಂದರೆ ಐಓವೇಟ್ ಇಳಿಯುತ್ತದೆ. ಡಿಸ್ಕ್ ಎಷ್ಟೇ ಒದ್ದಾಡುತ್ತಿರಲಿ, ಇಳಿಯುತ್ತದೆ.

ಇದನ್ನು ನೀವೇ ಪರೀಕ್ಷೆ ಮಾಡಿ ನೋಡಬಹುದು. ನಾನು ಹೀಗೆ ಮಾಡಿದೆ. ಡಿಸ್ಕ್‌ಗೆ ಭಾರ ಹಾಕಲು ಇಡೀ ಸ್ಕ್ಯಾನ್ ಫೋಲ್ಡರನ್ನು ಫೈಂಡ್ ಕಮಾಂಡಿನಿಂದ, ಪ್ರತಿ ಫೈಲಿನ ಗಾತ್ರ ಕೇಳುತ್ತಾ, ಸುತ್ತಿಸಿದೆ. ಐಓವೇಟ್ ಏರಿತು. ಆಗಲೇ ಇನ್ನೊಂದು ಟರ್ಮಿನಲ್‌ನಲ್ಲಿ ಸುಮ್ನೆ ಸುತ್ತುತ್ತಿರುವ ಎರಡು ಲೂಪ್ ಹಚ್ಚಿದೆ, ಒಂದೊಂದು ಕೋರಿಗೆ ಒಂದರಂತೆ. ಐಓವೇಟ್ ಹೆಚ್ಚುಕಡಿಮೆ ಸೊನ್ನೆಗೆ ಬಂತು. ಡಿಸ್ಕ್ ಹಾಗೇ ಗರಗರ ಅನ್ನುತ್ತಿದೆ, ಪುಟ ತೆರೆಯಲು ಅಷ್ಟೇ ಹೊತ್ತು ಬೇಕು, ಆದರೆ ಅಂಕಿ ಮಾತ್ರ ಎಲ್ಲ ಸರಿ ಅನ್ನುತ್ತಿದೆ. ಕರ್ನಲ್‌ನ ದಾಖಲೆಯೇ ಐಓವೇಟ್ ನಂಬಿಕೆಗೆ ಅರ್ಹ ಅಲ್ಲ, ಕೆಲವು ಸಂದರ್ಭದಲ್ಲಿ ಆ ಎಣಿಕೆ ಹಿಂದಕ್ಕೂ ಹೋಗಬಹುದು ಅಂತ ಹೇಳುತ್ತದೆ. ಹಾಗಾಗಿ ಕಳೆದಾಗ ಮೈನಸ್ ಬಂದರೆ ‘ಲೆಕ್ಕ’ ಅದನ್ನು ಸೊನ್ನೆ ಅಂತ ಹಿಡಿಯುತ್ತದೆ.

ಇದಕ್ಕೆ ಒಳ್ಳೆಯ ಉತ್ತರ 2018ರ ಡಿಸೆಂಬರ್‌ನಲ್ಲಿ ಬಂದ 4.20 ಕರ್ನಲ್‌ನಲ್ಲಿದೆ. ಅದಕ್ಕೆ ಪಿಎಸ್‌ಐ (ಪ್ರೆಷರ್ ಸ್ಟಾಲ್ ಇನ್ಫರ್ಮೇಷನ್) ಅನ್ನುತ್ತಾರೆ. ಆಗ ಫೇಸ್‌ಬುಕ್‌ನಲ್ಲಿದ್ದ ಯೋಹಾನ್ಸ್ ವೈನರ್ ತಂದದ್ದು. ಪ್ರೋಕ್ ಒಳಗೆ ಪ್ರೆಷರ್ ಅನ್ನುವ ಫೋಲ್ಡರ್, ಅದರೊಳಗೆ ಸಿಪಿಯು, ಮೆಮೊರಿ, ಐಓ ಅಂತ ಮೂರು ಫೈಲ್. ಸಿಪಿಯು ಏನು ಮಾಡುತ್ತಿದೆ ಅಂತ ಇದು ಕೇಳುವುದಿಲ್ಲ. ಕೆಲಸಗಳು ಎಷ್ಟು ಹೊತ್ತು ಕಾದು ನಿಂತವು ಅಂತ ಎಣಿಸುತ್ತದೆ. ಐಓ ಫೈಲಿನಲ್ಲಿ ಎರಡು ಸಾಲು. ‘ಸಮ್’ ಸಾಲು ಅಂದರೆ ಕನಿಷ್ಠ ಒಂದು ಕೆಲಸವಾದರೂ ಡಿಸ್ಕ್‌ಗೆ ಕಾಯುತ್ತಿದ್ದ ಸಮಯ. ‘ಫುಲ್’ ಅಂದರೆ ಎಲ್ಲ ಕೆಲಸಗಳೂ ಕಾಯುತ್ತಿದ್ದು, ಯಾವುದೂ ಮುಂದೆ ಹೋಗದ ಸಮಯ. ಪ್ರತಿ ಸಾಲಿನಲ್ಲಿ 10, 60, 300 ಸೆಕೆಂಡಿನ ಸರಾಸರಿಗಳಿವೆ, ಕೊನೆಗೆ ಮೈಕ್ರೋಸೆಕೆಂಡಿನಲ್ಲಿ ಒಟ್ಟು ಎಣಿಕೆ ಇದೆ. ಸರಾಸರಿಗಳನ್ನು ಬಿಟ್ಟು ಒಟ್ಟು ಎಣಿಕೆಯನ್ನೇ ತೆಗೆದುಕೊಂಡೆ. ಕಳೆದು, ನಮ್ಮ ಅಂತರದಿಂದ ಭಾಗಿಸಿದರೆ ಆ ಐದು ಸೆಕೆಂಡಿನ ನಿಖರ ಶೇಕಡಾ ಸಿಗುತ್ತದೆ.

ಅದೇ ಪರೀಕ್ಷೆ ಮತ್ತೆ ಮಾಡಿದಾಗ, ಲೂಪ್ ಹಚ್ಚಿದ ಮೇಲೂ ‘ಸಮ್’ ಅಲ್ಲಾಡಲಿಲ್ಲ. ‘ಫುಲ್’ ಸೊನ್ನೆಯ ಹತ್ತಿರಕ್ಕೆ ಬಿತ್ತು. ಯಾಕೆ ಅಂತ ಯೋಚಿಸಿದರೆ ಗೊತ್ತಾಗುತ್ತದೆ: ಲೂಪ್‌ಗಳು ಆರಾಮಾಗಿ ಓಡುತ್ತಿವೆ, ಹಾಗಾಗಿ ಎಲ್ಲವೂ ನಿಂತಿವೆ ಅನ್ನುವ ಸ್ಥಿತಿ ಇಲ್ಲ. ವಾಚನಾಲಯದ ಓದುಗರ ಮಟ್ಟಿಗೆ ನಮಗೆ ಬೇಕಾದದ್ದು ‘ಸಮ್’. ಐಓವೇಟ್ ಕಾಲಂ ಪಕ್ಕದಲ್ಲೇ ಅದನ್ನು ‘ಐಓ ಒತ್ತಡ’ ಅನ್ನುವ ಹೆಸರಿನಲ್ಲಿ ಹಾಕಿದೆ. ಕೆಲವು ಡಿಸ್ಟ್ರೋಗಳಲ್ಲಿ ಪಿಎಸ್‌ಐ ಮುಚ್ಚಿರುತ್ತದೆ. ಬೂಟ್ ಸಾಲಿನಲ್ಲಿ ಪಿಎಸ್‌ಐಗೆ 1 ಅಂತ ಕೊಟ್ಟರೆ ತೆರೆಯುತ್ತದೆ. ಹೊಸದಾಗಿ ಇಂಥ ಟೂಲ್ ಬರೆಯುವವರಿಗೆ ನನ್ನ ಒತ್ತಾಯ ಇದೇ. ಬೇರೇನೂ ಹಾಕದಿದ್ದರೂ ಪಿಎಸ್‌ಐ ಕಾಲಂ ಹಾಕಿ.

ಲೋಡ್ ಆವರೇಜ್ ಕಾಲಂ ಹಾಕಲಿಲ್ಲ. ಇದಕ್ಕೂ ಕಾರಣ ಇದೆ. ಬೇರೆ ಯುನಿಕ್ಸ್‌ಗಳಲ್ಲಿ ಅದು ಸಿಪಿಯುಗೆ ಸರದಿಯಲ್ಲಿ ನಿಂತವರ ಎಣಿಕೆ. ಲಿನಕ್ಸ್‌ನಲ್ಲಿ 1993ರಲ್ಲಿ ಒಂದು ಬದಲಾವಣೆ ಆಯಿತು. ಎಬ್ಬಿಸಲಾಗದ ನಿದ್ದೆಯಲ್ಲಿರುವ, ಅಂದರೆ ಡಿಸ್ಕ್‌ಗೆ ಕಾಯುವಂಥ ಕೆಲಸಗಳೂ ಆ ಎಣಿಕೆಗೆ ಸೇರಿದವು. ಈ ಮಷಿನ್‌ನಲ್ಲಿ ಬೆಳಗ್ಗೆ ಲೋಡ್ 6ರ ಮೇಲೆ ಹೋಗುತ್ತಿತ್ತು, ಸಿಪಿಯು ಕಾಲುಭಾಗ ಖಾಲಿ ಇದ್ದಾಗಲೂ. ಎರಡು ಬೇರೆ ಬೇರೆ ಸರದಿಯನ್ನು ಒಂದೇ ಸಂಖ್ಯೆಯಲ್ಲಿ ಕೂಡಿಸಿದರೆ ಓದುವವರಿಗೆ ಗೊಂದಲ. ಅದರ ಬದಲು ಕಾಯುತ್ತಿರುವವರ ಹೆಸರನ್ನೇ ಬರೆದರೆ?

ಅದೇ ಈ ಟೂಲಿನ ಮುಖ್ಯ ಕಾಲಂ ಆಯಿತು. ಪ್ರೋಕ್ ಒಳಗೆ ಪ್ರತಿ ಪ್ರೋಗ್ರಾಂಗೂ ಅದರ ಸಂಖ್ಯೆಯ ಹೆಸರಿನ ಫೋಲ್ಡರ್ ಇದೆ. ಅದರೊಳಗಿನ ಸ್ಟ್ಯಾಟ್ ಫೈಲಿನಲ್ಲಿ ಮೊದಲು ಸಂಖ್ಯೆ, ಆಮೇಲೆ ಕಂಸದೊಳಗೆ ಹೆಸರು, ಆಮೇಲೆ ಸ್ಥಿತಿ. ಸ್ಥಿತಿ ‘ಡಿ’ ಆಗಿದ್ದರೆ ಆ ಪ್ರೋಗ್ರಾಂ ಸಿಕ್ಕಿಹಾಕಿಕೊಂಡಿದೆ. ಸಾಲನ್ನು ಖಾಲಿ ಜಾಗದಿಂದ ಕತ್ತರಿಸಿ ಮೂರನೆಯದು ತೆಗೆದುಕೊಂಡರೆ ಆಯಿತು ಅನ್ನಿಸುತ್ತದೆ. ಆಗುವುದಿಲ್ಲ. ಹೆಸರಿನ ಒಳಗೇ ಖಾಲಿ ಜಾಗ ಇರಬಹುದು. ಫೈರ್‌ಫಾಕ್ಸ್‌ನ ‘ವೆಬ್ ಕಂಟೆಂಟ್’ ಹಾಗಿರುವ ಹೆಸರು. ಹೆಸರಿನೊಳಗೆ ಕಂಸವೂ ಇರಬಹುದು. ಸರಿಯಾದ ದಾರಿ ಅಂದರೆ ಸಾಲಿನ ಕೊನೆಯಿಂದ ಹಿಂದೆ ಬಂದು, ಕಟ್ಟಕಡೆಯ ಮುಚ್ಚುವ ಕಂಸವನ್ನು ಹುಡುಕಿ, ಅದರ ಮುಂದಿನ ಅಕ್ಷರ ಓದುವುದು. ಹೆಸರು 15 ಅಕ್ಷರಕ್ಕೆ ಕತ್ತರಿಸಿರುತ್ತದೆ ಅನ್ನುವುದೂ ನೆನಪಿರಲಿ.

ಇನ್ನೆರಡು ವಿಷಯ. ಪಟ್ಟಿ ತೆಗೆದ ಮೇಲೆ, ಫೈಲ್ ಓದುವ ಮೊದಲೇ ಪ್ರೋಗ್ರಾಂ ಮುಗಿದುಹೋಗಬಹುದು. ಆಗ ಬರುವ ಎರರ್‌ನ್ನು ಹಿಡಿದು ಮುಂದೆ ಹೋಗಬೇಕು, ಟೂಲ್ ನಿಲ್ಲಬಾರದು. ಎರಡನೆಯದು, ಮೇಲಿನ ಫೋಲ್ಡರಿನ ಸ್ಥಿತಿ ಮುಖ್ಯ ಥ್ರೆಡ್‌ನದು (ಥ್ರೆಡ್ ಅಂದರೆ ಪ್ರೋಗ್ರಾಂ ಒಳಗೆ ಬೇರೆಯಾಗಿ ಓಡುವ ಒಂದು ಎಳೆ) ಮಾತ್ರ. ಉಳಿದ ಥ್ರೆಡ್‌ಗಳು ಟಾಸ್ಕ್ ಅನ್ನುವ ಒಳಫೋಲ್ಡರಿನಲ್ಲಿವೆ. ಸಾಂಬಾದ ಎಸ್‌ಎಂಬಿಡಿ ಕೆಲವು ಓದುವ ಕೆಲಸವನ್ನು ಬೇರೆ ಥ್ರೆಡ್‌ಗೆ ಕೊಡುತ್ತದೆ. ಒಳಗೆ ಇಣುಕದಿದ್ದರೆ ಅದು ಹಾಯಾಗಿದೆ ಅಂತಲೇ ಕಾಣುತ್ತದೆ.

ಡಿಸ್ಕ್ ಕಾಲಂಗೆ ಡಿಸ್ಕ್‌ಸ್ಟ್ಯಾಟ್ಸ್ ಫೈಲ್. ಇಲ್ಲಿನ ಸೆಕ್ಟರ್ ಯಾವಾಗಲೂ 512 ಬೈಟ್, ಡಿಸ್ಕ್‌ನ ನಿಜವಾದ ಸೆಕ್ಟರ್ 4096 ಇದ್ದರೂ. ಕಾಲಂಗಳ ಸಂಖ್ಯೆಯನ್ನು ಗಟ್ಟಿಯಾಗಿ ನಂಬಿ ಕೋಡ್ ಬರೆಯಬೇಡಿ. ಮೊದಲು 14 ಇದ್ದವು, 4.18ರಲ್ಲಿ 18 ಆದವು, 5.5ರಲ್ಲಿ 20. ಇಡೀ ಡಿಸ್ಕ್ ಮತ್ತು ಅದರ ಪಾರ್ಟಿಷನ್‌ಗಳು ಎರಡೂ ಪಟ್ಟಿಯಲ್ಲಿರುತ್ತವೆ. ಎಲ್ಲ ಕೂಡಿಸಿದರೆ ದುಪ್ಪಟ್ಟು. ನಾನು ಸಿಸ್ ಫೋಲ್ಡರಿನ ಬ್ಲಾಕ್ ಪಟ್ಟಿಯಲ್ಲಿರುವ ಹೆಸರನ್ನು ಮಾತ್ರ ತೆಗೆದುಕೊಂಡೆ, ಅಲ್ಲಿ ಇಡೀ ಡಿಸ್ಕ್‌ಗಳಷ್ಟೇ ಮೇಲಿನ ಹಂತದಲ್ಲಿವೆ. ಡಿಸ್ಕ್ ಎಷ್ಟು ಹೊತ್ತು ಕೆಲಸದಲ್ಲಿತ್ತು ಅನ್ನುವ ಮಿಲಿಸೆಕೆಂಡ್ ಎಣಿಕೆಯಿಂದ ಬಿಡುವಿಲ್ಲದ ಶೇಕಡಾ ಬರುತ್ತದೆ. ತಿರುಗುವ ಡಿಸ್ಕ್‌ಗೆ ಇದು ಒಳ್ಳೆ ಅಳತೆ. ಎಸ್‌ಎಸ್‌ಡಿ ಒಟ್ಟಿಗೇ ಹಲವು ಕೆಲಸ ಮಾಡುತ್ತದೆ, ಹಾಗಾಗಿ ಅಲ್ಲಿ 100 ಶೇಕಡಾ ಅಂದರೂ ಡಿಸ್ಕ್ ತುಂಬಿದೆ ಅಂತ ಅರ್ಥವಲ್ಲ.

ಅಂಕಿ ಬಂದವು, ಬರೆಯುವುದೆಲ್ಲಿ? ಡಿಸ್ಕ್ ಕಟ್ಟಿಕೊಂಡ ಹೊತ್ತನ್ನು ದಾಖಲಿಸುವ ಟೂಲ್ ಅದೇ ಡಿಸ್ಕ್‌ಗೆ ಬರೆಯಲು ಹೋದರೆ ತಾನೂ ಸಿಕ್ಕಿಹಾಕಿಕೊಳ್ಳಬಹುದು. ಬೇಕಾದ ಸಾಲುಗಳೇ ಮಾಯವಾಗುತ್ತವೆ. ಅದಕ್ಕೆ ಲಾಗನ್ನು ರನ್ ಫೋಲ್ಡರಿನಲ್ಲಿ ಇಟ್ಟೆ. ಅದು ರ‍್ಯಾಮ್‌ನಲ್ಲಿರುವ ಜಾಗ. ಒಂದು ಸಾಲು ಹೆಚ್ಚೆಂದರೆ ನೂರು ಬೈಟ್. ಐದು ಸೆಕೆಂಡಿಗೊಂದು ಅಂದರೆ ಹತ್ತು ಗಂಟೆಗೆ 7200 ಸಾಲು, ಒಂದು ಎಂಬಿಯೂ ಇಲ್ಲ. ಮಷಿನ್ ಆಫ್ ಮಾಡುವಾಗ, ಸರ್ವಿಸ್‌ಗಳನ್ನು ಶುರುಮಾಡಿ ನಿಲ್ಲಿಸುವ ಸಿಸ್ಟಮ್‌ಡಿಯ ಒಂದು ಸರ್ವಿಸ್ ಅದನ್ನು ಡಿಸ್ಕ್‌ಗೆ ನಕಲು ಮಾಡುತ್ತದೆ. ಕರೆಂಟ್ ಹೋದರೆ ಆ ದಿನದ್ದು ಹೋಯಿತು. ನಮ್ಮಲ್ಲಿ ಯುಪಿಎಸ್ ಇದೆ, ಹಾಗಾಗಿ ಒಪ್ಪಿಕೊಂಡೆ. ಔಟ್‌ಪುಟ್ ಫೈಲಿಗೆ ಹೋಗುವಾಗ ಪೈಥಾನ್ ಸಾಲುಗಳನ್ನು ಕೂಡಿಟ್ಟು ಒಟ್ಟಿಗೆ ಬರೆಯುತ್ತದೆ. ಪ್ರತಿ ಸಾಲಿಗೂ ಫ್ಲಶ್ ಹೇಳಬೇಕು. ಇಲ್ಲದಿದ್ದರೆ ಫೈಲಿನ ಕೊನೆಯ ಸಾಲುಗಳನ್ನು ತೋರಿಸುವ ಟೈಲ್ ಹಾಕಿ ನೋಡುವವರಿಗೆ ಏನೂ ಕಾಣುವುದಿಲ್ಲ.

ಶೀರ್ಷಿಕೆ ಕನ್ನಡದಲ್ಲೇ ಇರಬೇಕು ಅಂತ ನನಗೆ ಆಸೆ. ವಾಚನಾಲಯ ನೋಡಿಕೊಳ್ಳುವವರು ಓದಬೇಕಲ್ಲ. ಇಲ್ಲಿ ಕಾಲಂ ಹೊಂದಿಸುವುದು ಸ್ವಲ್ಪ ಕಷ್ಟ. ‘ಮೆಮೊರಿ’ ಅಂತ ಬರೆದರೆ ಕಣ್ಣಿಗೆ ಕಾಣುವುದು ಮೂರು ಅಕ್ಷರ. ಪೈಥಾನ್ ಉದ್ದ ಕೇಳಿದರೆ 6 ಅನ್ನುತ್ತದೆ, ಸ್ವರ ಚಿಹ್ನೆಗಳನ್ನೂ ಬಿಡಿಯಾಗಿ ಎಣಿಸುತ್ತದೆ. ಟರ್ಮಿನಲ್ ಕೊಟ್ಟ ಜಾಗ 4 ಕೋಣೆ. ಎತ್ವ ಮತ್ತು ಗುಡಿಸಿಗೆ ಯುನಿಕೋಡ್‌ನಲ್ಲಿ ಅಗಲ ಇಲ್ಲ, ಒತ್ವದ ಚಿಹ್ನೆಗೆ ಅಗಲ ಇದೆ ಅಂತ ಅದು ಲೆಕ್ಕ ಹಾಕುತ್ತದೆ. ಇನ್ನೊಂದು ಟರ್ಮಿನಲ್ ಬೇರೆ ಲೆಕ್ಕ ಹಾಕಬಹುದು. ಖಾಲಿ ಜಾಗ ತುಂಬಿ ಹೊಂದಿಸಲು ಹೋದರೆ ಒಂದು ಕಡೆ ಸರಿಯಾದದ್ದು ಇನ್ನೊಂದು ಕಡೆ ಕೆಡುತ್ತದೆ. ಅದಕ್ಕೆ ಖಾಲಿ ಜಾಗ ತುಂಬುವುದನ್ನೇ ಬಿಟ್ಟೆ. ಕರ್ಸರನ್ನು ನೇರವಾಗಿ ಇಷ್ಟನೇ ಕಾಲಂಗೆ ಕಳಿಸುವ ಎಸ್ಕೇಪ್ ಕೋಡ್ ಇದೆ. ಪ್ರತಿ ಶೀರ್ಷಿಕೆಗೂ ಮೊದಲು ಅದನ್ನು ಕಳಿಸಿದರೆ ಹಿಂದಿನದು ಎಷ್ಟು ಅಗಲ ತೆಗೆದುಕೊಂಡಿದ್ದರೂ ಮುಂದಿನದು ತನ್ನ ಜಾಗದಲ್ಲೇ ಬೀಳುತ್ತದೆ. ಔಟ್‌ಪುಟ್ ಫೈಲಿಗೆ ಹೋಗುತ್ತಿದ್ದರೆ ಈ ಕೋಡ್ ಬೇಡ, ಅಲ್ಲಿ ಅಲ್ಪವಿರಾಮ ಸಾಕು.

ಇಷ್ಟು ಕಟ್ಟಿ ಬೂಟ್ ಜೊತೆಗೇ ಶುರುವಾಗುವಂತೆ ಹಾಕಿದೆ. ಮಾರನೆಯ ಬೆಳಗಿನ ಲಾಗ್‌ನಲ್ಲಿ ಮೇಲೆ ಹೇಳಿದ ಅದೇ ಐದು ಸೆಕೆಂಡಿನ ಸಾಲು, ಶೀರ್ಷಿಕೆ ಜೋಡಿಸಿ ಬರೆದರೆ, ಹೀಗಿತ್ತು:

09:34:10 | ಯೂಸರ್ 6 | ಸಿಸ್ಟಮ್ 5 | ಐಓವೇಟ್ 62 | ಐಓ ಒತ್ತಡ 94 | ಲಭ್ಯ 2549 ಎಂಬಿ | ಎಸ್‌ಡಿಎ ಓದು 0.9 ಎಂಬಿ, ಕೆಲಸ 98 | ಡಿ: ಆರ್‌ಸಿಂಕ್, ಎಸ್‌ಎಂಬಿಡಿ, ಎಸ್‌ಎಂಬಿಡಿ

ಈ ಒಂದು ಸಾಲಿನಲ್ಲೇ ಇಡೀ ಕಥೆ ಇದೆ. ಎಸ್‌ಡಿಎ ಅಂದರೆ ಒಳಗಿನ ಹಾರ್ಡ್ ಡಿಸ್ಕ್. ಡಿಸ್ಕ್ 98 ಶೇಕಡಾ ಹೊತ್ತು ಬಿಡುವಿಲ್ಲದೆ ದುಡಿಯುತ್ತಿದೆ, ಆದರೆ ಸೆಕೆಂಡಿಗೆ ಒಂದು ಎಂಬಿಯೂ ಓದುತ್ತಿಲ್ಲ. ಸಾಲಾಗಿ ಓದುವಾಗ ಇದೇ ಡಿಸ್ಕ್ ಅದರ ಹತ್ತಾರು ಪಟ್ಟು ಕೊಡುತ್ತದೆ. ಆ ಐದು ಸೆಕೆಂಡಿನಲ್ಲಿ ಓದುಗಳು 520, ಅಂದರೆ ಸೆಕೆಂಡಿಗೆ 104. ನಿಮಿಷಕ್ಕೆ 7200 ಸುತ್ತುವ ಡಿಸ್ಕ್‌ಗೆ ಒಂದು ಸುತ್ತಿಗೆ 8.33 ಮಿಲಿಸೆಕೆಂಡ್ ಬೇಕು. ಬೇಕಾದ ಜಾಗ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಜೊತೆಗೆ ತಲೆ ಸರಿಯುವ ಸಮಯ. ಚದುರಿದ ಓದುಗಳಾದರೆ ಸೆಕೆಂಡಿಗೆ ನೂರರ ಆಸುಪಾಸಿಗಿಂತ ತುಂಬಾ ಜಾಸ್ತಿ ಆಗುವುದು ಕಷ್ಟ. ಅಂದರೆ ಯಾರೋ ಸಣ್ಣ ಸಣ್ಣ ತುಣುಕುಗಳನ್ನು ಎಲ್ಲೆಲ್ಲಿಂದಲೋ ಕೇಳುತ್ತಿದ್ದಾರೆ. ಕೇಳುತ್ತಿರುವವರ ಹೆಸರು ಪಕ್ಕದಲ್ಲೇ ಇದೆ: ಆರ್‌ಸಿಂಕ್, ಫೈಲ್‌ಗಳನ್ನು ಇನ್ನೊಂದು ಕಡೆಗೆ ನಕಲು ಮಾಡುವ ಪ್ರೋಗ್ರಾಂ. ಅದರ ಹಿಂದೆ ಸಿಕ್ಕಿಕೊಂಡ ಎರಡು ಎಸ್‌ಎಂಬಿಡಿಗಳು ಇಬ್ಬರು ಓದುಗರು. ಸಾಂಬಾ ಪ್ರತಿ ಸಂಪರ್ಕಕ್ಕೂ ಬೇರೆ ಪ್ರೋಸೆಸ್ ಕೊಡುತ್ತದೆ.

ಆರ್‌ಸಿಂಕ್ ಬೆಳಗ್ಗೆ ಯಾಕೆ ಓಡಬೇಕು? ಸಿಸ್ಟಮ್‌ಡಿಯ ಟೈಮರ್ ಪಟ್ಟಿ ತೆಗೆದು ನೋಡಿದಾಗ ಗೊತ್ತಾಯಿತು. ಸ್ಕ್ಯಾನ್ ಪುಟಗಳನ್ನು ಯುಎಸ್‌ಬಿ ಡಿಸ್ಕ್‌ಗೆ ಬ್ಯಾಕಪ್ ತೆಗೆಯಲು ಹಿಂದೆ ಯಾರೋ ಟೈಮರ್ ಹಾಕಿದ್ದಾರೆ, ರಾತ್ರಿ 2 ಗಂಟೆಗೆ. ಒಳ್ಳೆಯ ಉದ್ದೇಶವೇ. ಆದರೆ ರಾತ್ರಿ ಮಷಿನ್ ಆಫ್ ಇರುತ್ತದೆ. ಟೈಮರ್‌ನಲ್ಲಿ ಪರ್ಸಿಸ್ಟೆಂಟ್ ಅನ್ನುವ ಆಯ್ಕೆ ಆನ್ ಇತ್ತು. ಅದರ ಕೆಲಸ ಏನೆಂದರೆ, ಸಮಯ ತಪ್ಪಿಹೋಗಿದ್ದರೆ ಮಷಿನ್ ಎದ್ದ ಕೂಡಲೇ ಓಡಿಸುವುದು. ದಿನವೂ ತಪ್ಪುತ್ತಿತ್ತು, ದಿನವೂ ಬೆಳಗ್ಗೆ ಓಡುತ್ತಿತ್ತು.

ಆರ್‌ಸಿಂಕ್ ಹೊಸ ಪುಟಗಳನ್ನು ಮಾತ್ರ ನಕಲು ಮಾಡಿದರೂ, ಹೊಸದು ಯಾವುದು ಅಂತ ತಿಳಿಯಲು ಪ್ರತಿ ಫೈಲಿನ ಗಾತ್ರ ಮತ್ತು ದಿನಾಂಕ ನೋಡಲೇಬೇಕು. ಲಕ್ಷಗಟ್ಟಲೆ ಫೈಲ್, ಎರಡೂ ಡಿಸ್ಕ್‌ಗಳಲ್ಲಿ. ಆಗಷ್ಟೇ ಬೂಟ್ ಆಗಿರುವುದರಿಂದ ರ‍್ಯಾಮ್‌ನಲ್ಲಿ ಆ ಮಾಹಿತಿ ಏನೂ ಇಲ್ಲ, ಎಲ್ಲ ಡಿಸ್ಕ್‌ನಿಂದಲೇ ಬರಬೇಕು. ದಿನದ ಅತಿ ಕೆಟ್ಟ ಹೊತ್ತಿಗೆ ಅತಿ ಭಾರದ ಕೆಲಸ.

ರಿಪೇರಿ ಎರಡು ಸಾಲಿನದು. ವಾಚನಾಲಯ ಮಧ್ಯಾಹ್ನ 1:30ರಿಂದ 2:30ರ ತನಕ ಮುಚ್ಚಿರುತ್ತದೆ, ಮಷಿನ್ ಆನ್ ಇರುತ್ತದೆ. ಟೈಮರ್ ಸಮಯವನ್ನು 13:30 ಮಾಡಿದೆ, ಪರ್ಸಿಸ್ಟೆಂಟ್ ಆಫ್ ಮಾಡಿದೆ. ಆಫ್ ಮಾಡದಿದ್ದರೆ ರಜೆಯ ಮಾರನೆಯ ಬೆಳಗ್ಗೆ ಮತ್ತೆ ಅದೇ ಹಾಡು. ರಜೆಯ ದಿನ ಹೊಸ ಸ್ಕ್ಯಾನ್ ಇರುವುದಿಲ್ಲ, ಹಾಗಾಗಿ ಬ್ಯಾಕಪ್ ತಪ್ಪಿದರೂ ನಷ್ಟವಿಲ್ಲ. ಮೂಲ ಫೈಲ್ ಮುಟ್ಟದೆ ಸಿಸ್ಟಮ್‌ಸಿಟಿಎಲ್ ಎಡಿಟ್ ಮೂಲಕ ಬದಲಿಸುವವರು ಒಂದು ವಿಷಯ ನೆನಪಿಡಿ. ಟೈಮರ್ ಸಮಯ ಬರೆಯುವ ಆನ್‌ಕ್ಯಾಲೆಂಡರ್ ಅನ್ನುವುದು ಪಟ್ಟಿ. ಹೊಸ ಸಮಯ ಬರೆದರೆ ಹಳೆಯದಕ್ಕೆ ಸೇರಿಕೊಳ್ಳುತ್ತದೆ, ಹಳೆಯದು ಹೋಗುವುದಿಲ್ಲ. ಮೊದಲು ಸಮಯ ಬರೆಯದೆ ಖಾಲಿ ಆನ್‌ಕ್ಯಾಲೆಂಡರ್ ಸಾಲು ಬರೆಯಬೇಕು, ಅದರ ಕೆಳಗೆ ಹೊಸ ಸಮಯದ ಸಾಲು.

ಆಮೇಲಿನ ಬೆಳಗಿನ ಲಾಗ್‌ಗಳಲ್ಲಿ ಬೂಟ್ ಆದ ಮೊದಲ ಒಂದೂವರೆ ನಿಮಿಷ ಐಓ ಒತ್ತಡ ಜಾಸ್ತಿ ಇದೆ. ಅದು ಸರ್ವಿಸ್‌ಗಳು ಶುರುವಾಗುವ ಸಹಜ ಓದು. ಆಮೇಲೆ 10ರ ಕೆಳಗೆ ಬರುತ್ತದೆ. ಡಿ ಕಾಲಂ ಹೆಚ್ಚಾಗಿ ಖಾಲಿ. ಬಾಗಿಲು ತೆಗೆದ ಕೂಡಲೇ ಬರುವ ಹಿರಿಯರು ಈಗ ಪುಟಗಳನ್ನು ಒಂದರ ಹಿಂದೆ ಒಂದು ತಿರುವುತ್ತಾರೆ. ಅದು ನನಗೆ ತುಂಬಾ ಖುಷಿ ಕೊಟ್ಟಿದೆ.

ಬಾಕಿ ಇರುವುದು ನೆಟ್‌ವರ್ಕ್ ಕಾಲಂ. ಪ್ರೋಕ್ ಒಳಗಿನ ನೆಟ್ ಫೋಲ್ಡರಿನ ಡೆವ್ ಫೈಲಿನಲ್ಲಿ ಬೈಟ್ ಎಣಿಕೆ ಸಿಗುತ್ತದೆ, ಕಳೆಯುವ ಲೆಕ್ಕವೇ ಅಲ್ಲೂ. ಎಲ್‌ಓ ಅನ್ನುವ ಒಳಗಿನ ಇಂಟರ್‌ಫೇಸ್ ಬಿಡಬೇಕು. ಈ ಟೂಲನ್ನು ಒಂದು ಹಳೆಯ 32 ಬಿಟ್ ನೆಟ್‌ಬುಕ್‌ಗೂ ಹಾಕುವ ಯೋಚನೆ ಇದೆ. ಅಂಥ ಕಡೆ ಎಣಿಕೆ 4 ಜಿಬಿ ಮುಟ್ಟಿ ಮತ್ತೆ ಸೊನ್ನೆಯಿಂದ ಶುರುವಾಗಬಹುದು. ಹೊಸ ಓದು ಹಳೆಯದಕ್ಕಿಂತ ಕಡಿಮೆ ಬಂದರೆ ಆ ಒಂದು ಸಾಲಿನಲ್ಲಿ ಗೀಟು ಬರೆಯುವಂತೆ ಮಾಡುತ್ತಿದ್ದೇನೆ. ಊಹಿಸಿದ ಅಂಕಿಗಿಂತ ಗೀಟು ಮೇಲು.